ಎರಡು ಬೂಟಿನ ಹಲಗೆ

ಹಿನ್ನೀರಿನ ದಡದಲ್ಲಿ ಜವರಯ್ಯ ಮೇಷ್ಟ್ರು ಅಂತ ಒಬ್ಬರಿದ್ದರು. ನೀರಿನ ಮೇಲೆ ನಿಲ್ಲುವುದನ್ನು ಕಲಿಸುತ್ತಿದ್ದರು.

ಮುಂದೆ ಮೋಟಾರು ದೋಣಿ ಎಳೆಯುತ್ತದೆ. ಹಿಂದೆ ಹಗ್ಗ ಹಿಡಿದವರು ಒಂದೇ ಹಲಗೆಯ ಮೇಲೆ, ಅದಕ್ಕೆ ಕೂರಿಸಿದ ಎರಡು ರಬ್ಬರ್ ಬೂಟಿನೊಳಗೆ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ನಿಲ್ಲಬೇಕು. ನೀರಿನಲ್ಲಿ ತೇಲುವ ಆರು ಕೆಂಪು ಚೆಂಡುಗಳನ್ನು ಸುತ್ತಿಕೊಂಡು ಅಂಕುಡೊಂಕಾಗಿ ಹಾಯಬೇಕು. ಓದಿದವರು ಇದಕ್ಕೆ ಸ್ಲಾಲಮ್ ಸ್ಕೀ ಅನ್ನುತ್ತಾರೆ. ಮೇಷ್ಟ್ರು ಹಲಗೆ ಅನ್ನುತ್ತಿದ್ದರು. ತೆಪ್ಪ ಹಾಕುವವರ ಮನೆಯಲ್ಲಿ ಹುಟ್ಟಿದ ಅರವತ್ತಾರು ವರ್ಷದ ಸಣಕಲು ಜೀವ.

ಅವರ ತಗಡಿನ ಶೆಡ್ಡಿಗೆ ಸುತ್ತಲಿನವರು ಆಶ್ರಮ ಅಂತ ಹೆಸರಿಟ್ಟಿದ್ದರು. ಗೇಲಿ ಮಾಡಲು ಇಟ್ಟಿದ್ದು, ಆಮೇಲೆ ಅದೇ ಉಳಿಯಿತು.

ಒಂದು ಬೆಳಿಗ್ಗೆ ಶಿಷ್ಯೆ ಹಂಸವೇಣಿ ಅಲ್ಲಿಗೆ ವಾಪಸು ಬಂದಳು. ಅವಳು ಆ ಕಡೆ ತಲೆ ಹಾಕಿ ಹನ್ನೊಂದು ತಿಂಗಳಾಗಿತ್ತು.

ಬೇರೆ ಊರಿನ ಪಂದ್ಯದಲ್ಲಿ, ಬೇರೆ ಯಾರದೋ ಹಲಗೆಯ ಮೇಲೆ ಹೋಗಿ ಮೂರನೇ ಚೆಂಡಿನ ಹತ್ತಿರ ಬಿದ್ದಿದ್ದಳು. ಹಿಂದಿನ ಕಾಲು ಬೂಟಿನಿಂದ ಕಳಚಿಕೊಂಡಿತು. ಮುಂದಿನದು ಸಿಕ್ಕಿಕೊಂಡಿತು. ಹಲಗೆ ನೀರೊಳಗೆ ಗಿರ್ರನೆ ತಿರುಗಿದಾಗ ಕಾಲೂ ಅದರ ಜೊತೆ ತಿರುಗಿತು. ಮೊಣಕಾಲ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು.

ಮೂಳೆ ಕೂಡಿತು. ಡಾಕ್ಟರು ಇನ್ನು ನೀರಿಗೆ ಇಳಿಯಬಹುದು ಅಂದರು. ಆದರೆ ಬಚ್ಚಲಲ್ಲಿ ಬಕೆಟ್ಟು ತುಂಬುವ ಸದ್ದಿಗೂ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

"ಮೇಷ್ಟ್ರೇ, ಇವತ್ತು ಹಲಗೆ ಮೇಲೆ ನಿಲ್ಲಲಿಲ್ಲ ಅಂದ್ರೆ ಇನ್ನು ಯಾವತ್ತೂ ನಿಲ್ಲಲ್ಲ," ಅಂದಳು. "ಮನೇಲೂ ಹಂಗೇ ಹೇಳಿ ಬಂದಿದೀನಿ."

"ಕಾಪಿ ಕುಡುದ್ಯಾ?"

"ಗಂಟಲಲ್ಲಿ ಇಳೀಲಿಲ್ಲ."

"ಹೂಂ," ಅಂದರು ಮೇಷ್ಟ್ರು.

ಅವಳು ಸ್ವಲ್ಪ ಹೊತ್ತು ನೀರಿನ ಕಡೆ ಬೆನ್ನು ಹಾಕಿ ನಿಂತಳು. ಆಮೇಲೆ ಕೇಳಿದಳು: "ಮೇಷ್ಟ್ರೇ, ಈ ಹೆದರಿಕೆ ಯಾವಾಗ ಹೋಗುತ್ತೆ?"

"ತಕ್ಕಡಿ ಹತ್ತು."

ಶೆಡ್ಡಿನ ಮಗ್ಗುಲಲ್ಲಿ ಮೀನಿನ ಬುಟ್ಟಿಗಳನ್ನು ಇಟ್ಟು ತೂಗುವ ದೊಡ್ಡ ತಕ್ಕಡಿ ಇತ್ತು. ಪ್ರಶ್ನೆಗೆ ಉತ್ತರ ಸಿಗಲಿಲ್ಲ ಅಂತ ಹಂಸವೇಣಿಗೆ ಬೇಸರವಾಯಿತು. ಮೇಷ್ಟ್ರ ಹತ್ತಿರ ಇದು ಹೊಸದೇನಲ್ಲ.

"ನಂದು ಐವತ್ಮೂರು ಕೆಜಿ. ನಿಮ್ಮ ಪುಸ್ತಕದಲ್ಲೇ ಬರೆದಿದೆ."

"ಅದು ಹೋದ ವರ್ಷದವಳ ತೂಕ. ಅವಳು ಬಂದಿಲ್ಲ, ನೀನು ಬಂದಿದ್ದೀಯ. ಹತ್ತವ್ವ."

ಹತ್ತಿದಳು. ಮುಳ್ಳು ಐವತ್ತೆಂಟಕ್ಕೆ ಹೋಗಿ ನಿಂತಿತು. ಹಾಸಿಗೆ ಹಿಡಿದು ಮಲಗಿದ್ದ ದಿನಗಳ ಐದು ಕೆಜಿ. ಅವಳಿಗೆ ನಾಚಿಕೆಯಾಯಿತು.

ಅವಳು ಇಳಿದ ಮೇಲೆ ಮೇಷ್ಟ್ರು ತಾವೂ ಹತ್ತಿದರು. ಐವತ್ತೆಂಟೂವರೆ.

"ನೀನೂ ನಾನೂ ಒಂದೇ ಬುಟ್ಟಿ ಮೀನು," ಅಂತ ನಕ್ಕರು. ಪಾದವೂ ಇಬ್ಬರದೂ ಒಂದೇ ಅಳತೆ. ಕಲಿಯಲು ಬಂದ ಹೊಸದರಲ್ಲಿ ಅವಳು ಅವರ ಬೂಟನ್ನೇ ಹಾಕಿಕೊಳ್ಳುತ್ತಿದ್ದಳು.

ಶೆಡ್ಡಿನ ಗೋಡೆಗೆ ಮೂರು ಹಲಗೆ ಒರಗಿಸಿದ್ದರು. ಒಂದು ಉದ್ದ, ಅಗಲ. ಒಂದು ನಡುವಿನದು. ಇನ್ನೊಂದು ಸಣ್ಣ, ಚೂಪು.

"ಯಾವುದು ತಗೋತೀಯ?"

ಹಂಸವೇಣಿ ದೊಡ್ಡದರ ಮೇಲೆ ಕೈ ಇಟ್ಟಳು. "ಇದು ಅಲ್ಲಾಡಲ್ಲ."

"ಕೆಂಚಪ್ಪಂದು ಅದು. ತೊಂಬತ್ತು ಕೆಜಿ ಆಸಾಮಿ." ಕೆಂಚಪ್ಪ ಅಂದರೆ ದೋಣಿ ನಡೆಸುವವನು. "ನಿಂಗೆ ಅದು ನೀರಿನ ಮೇಲೆ ಮಣೆ ಹಾಕ್ಕೊಂಡ್ ಕೂತ್ಕೋತದೆ. ನೆಟ್ಟಗೆ ಹೋಗೋವಾಗ ಬಲು ಸಾಧು. ತಿರುವು ಬಂದಾಗ ನಿನ್ನ ಮಾತು ಕೇಳಲ್ಲ."

"ಹಂಗಾದ್ರೆ ಸಣ್ಣದು?"

"ಅದಕ್ಕೆ ದೋಣಿ ಇನ್ನೂ ಜೋರಾಗಿ ಓಡ್ಬೇಕು. ಇವತ್ತು ಗಂಟೆಗೆ ನಲವತ್ತಾರು ಕಿಲೋಮೀಟರ್ ಮೇಲೆ ಓಡಿಸಲ್ಲ. ಆ ಸ್ಪೀಡಿಗೆ ನಿನ್ನ ಹೊತ್ಕೊಳ್ಳಕ್ಕೆ ಆಗ್ದೆ ಮುಳುಗ್ತದೆ."

ಅವರು ನಡುವಿನದನ್ನು ಎತ್ತಿ ಬೆಂಚಿನ ಮೇಲೆ ಅಡ್ಡ ಹಾಕಿದರು. ಅರವತ್ತೈದು ಇಂಚು. ಹಿಂಬದಿಯಲ್ಲಿ, ತಳಕ್ಕೆ ಕೂರಿಸಿದ ಮೀನಿನ ರೆಕ್ಕೆಯಂಥ ಫಿನ್ನನ್ನು ಅಳತೆ ಪಟ್ಟಿ ಹಿಡಿದು ನೋಡಿದರು. ಒಂದು ಸ್ಕ್ರೂ ಬಿಗಿ ಮಾಡಿದರು.

"ಫಿನ್ನು ನಾನು ನೋಡ್ದೆ. ಎರಡು ಬೂಟೂ ನೀನೇ ಕೂಡ್ಸು. ನಿನ್ನ ಕಾಲು, ನಿನ್ನ ಬೂಟು."

ಅಷ್ಟು ಹೇಳಿ ಅಂಟುವಾಳದ ಕಾಯಿ ನೆನೆಹಾಕಲು ಹೋದರು. ರಬ್ಬರಿನ ಬೂಟಿಗೆ ಕಾಲು ತೂರಿಸಲು ಎಲ್ಲರೂ ಪಾತ್ರೆ ತೊಳೆಯುವ ಸೋಪು ಹಚ್ಚಿದರೆ, ಈ ಆಶ್ರಮದಲ್ಲಿ ಅಂಟುವಾಳದ ನೊರೆ.

ಹಂಸವೇಣಿ ಒಬ್ಬಳೇ ಉಳಿದಳು.

ಮುಂದಿನ ಬೂಟು. ಪಾದ ಎಲ್ಲಿ ಇಡಬೇಕೆಂದು ಅವಳಿಗೆ ಗೊತ್ತಿತ್ತು. ತೀರಾ ಮುಂದಾದರೆ ಹಲಗೆಯ ಮೂತಿ ನೀರಿಗೆ ಕಚ್ಚುತ್ತದೆ, ತೀರಾ ಹಿಂದಾದರೆ ಬಾಲ ಮುಳುಗುತ್ತದೆ. ಸರಿಯಾದ ತೂತಿಗೇ ಕೂರಿಸಿ ಸ್ಕ್ರೂ ತಿರುಗಿಸಿದಳು. ಆಮೇಲೆ ಲೇಸು ಕೈಗೆ ತೆಗೆದುಕೊಂಡಳು.

ಕೈ ನಿಂತಿತು. ಹೋದ ಸಲ ಬಿಡದೆ ಹಿಡಿದುಕೊಂಡಿದ್ದು ಇದೇ ಮುಂದಿನ ಬೂಟು. ಮೂಳೆ ಲಟಕ್ಕೆಂದ ಸದ್ದು ನೀರೊಳಗೂ ಕೇಳಿಸಿತ್ತು. ಅದು ಈಗಲೂ ಕಿವಿಯಲ್ಲಿತ್ತು.

ಲೇಸು ಸಡಿಲ ಬಿಟ್ಟಳು. ಇನ್ನಷ್ಟು ಸಡಿಲ ಮಾಡಿದಳು.

ಹಿಂದಿನ ಬೂಟಿಗೆ ಬಂದಾಗ ಇನ್ನೊಂದು ಹೆದರಿಕೆ ಎದ್ದಿತು. ಎರಡೂ ಸಡಿಲವಾಗಿ ತಿರುವಿನಲ್ಲಿ ಹಲಗೆಯೇ ಕಾಲಿಂದ ಜಾರಿಹೋದರೆ? ಆ ವೇಗದಲ್ಲಿ ಮುಖ ಅಡಿಯಾಗಿ ಬಿದ್ದರೆ ನೀರು ಕಲ್ಲುಚಪ್ಪಡಿ ಇದ್ದ ಹಾಗೆ. ಹಿಂದಿನ ಲೇಸನ್ನು ಬೆರಳು ಕೆಂಪಾಗುವಷ್ಟು ಬಿಗಿದು ಎರಡು ಗಂಟು ಹಾಕಿದಳು.

ಈಗ ಸ್ವಲ್ಪ ನೆಮ್ಮದಿ ಅನಿಸಿತು. ಹೆದರಿದವರಿಗೆ ಬರುವ ನೆಮ್ಮದಿಯನ್ನು ನಂಬಬಾರದು ಅನ್ನುವುದು ನನ್ನ ಅಭಿಪ್ರಾಯ.

ಮೇಷ್ಟ್ರು ನೊರೆಯ ಡಬರಿ ಹಿಡಿದು ಬಂದರು. ಒಂದು ಬೂಟಿಗೆ ಎರಡು ಬೆರಳು ತೂರಿಸಿ ನೋಡಿದರು. ಇನ್ನೊಂದಕ್ಕೆ ಒಂದು ಬೆರಳೂ ತೂರಲಿಲ್ಲ.

"ಇದೇನಾ ನಿನ್ನ ಕಟ್ಟು?"

"ಹೌದು ಮೇಷ್ಟ್ರೇ. ಮುಂದಿಂದು ಬಿಡಲಿ ಅಂತ ಸಡಿಲ. ಹಿಂದಿಂದು ಹಿಡೀಲಿ ಅಂತ ಬಿಗಿ."

"ಯೋಚ್ನೆ ಮಾಡೇ ಕಟ್ಟಿದ್ಯಾ?"

"ಹನ್ನೊಂದು ತಿಂಗಳು ಯೋಚನೆ ಮಾಡಿದೀನಿ."

"ಸರಿ ಬುಡು."

ಅವರು ಪಂಚೆ ಬಿಚ್ಚಿ ಚಡ್ಡಿಯಲ್ಲಿ ನಿಂತು, ಲೈಫ್ ಜಾಕೆಟ್ಟು ಹಾಕಿಕೊಂಡರು. ಪಾದಕ್ಕೆ ನೊರೆ ಹಚ್ಚಿಕೊಂಡರು. ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನೀರಿನ ಕಡೆ ನಡೆದರು.

"ಮೇಷ್ಟ್ರೇ, ಏನು ಮಾಡ್ತಿದೀರ?"

"ನಿನ್ನ ಹಲಗೆ ಹೆಂಗದೆ ಅಂತ ಒಂದ್ ಸುತ್ತು ನೋಡ್ಕೊಂಡ್ ಬತ್ತೀನಿ. ತೂಕ ಒಂದೇ, ಪಾದ ಒಂದೇ. ಕೆಂಚಪ್ಪಾ, ದೋಣಿ ತೆಗಿಯಪ್ಪ. ವೇಣಿ ಕಾವಲಿಗೆ ಕೂತ್ಕೋತಾಳೆ."

ದೋಣಿ ಓಡಿಸುವವನು ಮುಂದೆ ನೋಡುತ್ತಾನೆ. ಹಿಂದೆ ಎಳೆಸಿಕೊಳ್ಳುವವರ ಮೇಲೆ ಕಣ್ಣಿಡಲು ಇನ್ನೊಬ್ಬರು ಹಿಮ್ಮುಖವಾಗಿ ಕೂರಬೇಕು. ಅದೇ ಕಾವಲು. ಹಂಸವೇಣಿ ಜಾಕೆಟ್ಟು ಹಾಕಿಕೊಂಡು ದೋಣಿ ಹತ್ತಿದಳು, ಎರಡು ಕೈಯಲ್ಲೂ ಸೀಟಿನ ಅಂಚು ಹಿಡಿದುಕೊಂಡು ಕೂತಳು. ದೋಣಿಯಲ್ಲಿ ಕೂರುವುದಕ್ಕೂ ಅವಳಿಗೆ ಧೈರ್ಯ ಸಾಲದಾಗಿತ್ತು.

ಮೇಷ್ಟ್ರು ಎದೆಮಟ್ಟದ ನೀರಿನಲ್ಲಿ ತೇಲುತ್ತ ಬೂಟಿಗೆ ಕಾಲು ಹಾಕಿದರು. ಮುಂದಿನದು ಸಲೀಸಾಗಿ ಹೋಯಿತು. ಹಿಂದಿನದಕ್ಕೆ ಮುಖ ಕಿವುಚಿಕೊಂಡು ತುರುಕಬೇಕಾಯಿತು.

ಹಂಸವೇಣಿ ಆ ಎರಡು ಕಾಲನ್ನೇ ನೋಡುತ್ತಿದ್ದಳು.

ಕೆಂಚಪ್ಪ ದೋಣಿಯನ್ನು ನಿಧಾನವಾಗಿ ಮುಂದೆ ಬಿಟ್ಟ. ಹಗ್ಗದ ಸುರುಳಿ ಬಿಚ್ಚಿಕೊಳ್ಳುತ್ತ ಬಂತು. ಹಲಗೆಯ ಮೂತಿ ನೀರಿನಿಂದ ಮೇಲೆದ್ದಿತು, ಅದರ ಹಿಂದೆ ಮೇಷ್ಟ್ರ ಬೋಳುತಲೆ.

ಅವಳ ಕಣ್ಣಿಗೆ ಮೂರನೇ ಚೆಂಡು ಕಂಡಿತು. ಮೇಷ್ಟ್ರು ಅಲ್ಲಿ ಬೀಳುವುದು ಕಣ್ಣಿಗೆ ಕಟ್ಟಿತು. ಮುಂದಕ್ಕೆ ಬೀಳುತ್ತಾರೆ, ಮುಂದಿನ ಕಾಲು ಬಿಟ್ಟುಕೊಳ್ಳುತ್ತದೆ. ಹಿಂದಿನದು? ಎರಡು ಗಂಟು. ಹಲಗೆ ತಿರುಗುತ್ತದೆ. ಅರವತ್ತಾರು ವರ್ಷದ ಮೂಳೆ.

ಹೋದ ವರ್ಷ ಮುಂದಿನ ಕಾಲಿಗೆ ಆದದ್ದನ್ನೇ ಅವಳು ಈ ವರ್ಷ ಹಿಂದಿನ ಕಾಲಿಗೆ ಕಟ್ಟಿಟ್ಟಿದ್ದಳು.

ಹಗ್ಗ ಬಿಗಿಯಾಯಿತು.

"ಹೂಂ!" ಅಂತ ಮೇಷ್ಟ್ರು ಕೂಗಿದರು. ಎಳೆಯಿರಿ ಅಂತ ಅದರ ಅರ್ಥ.

"ಬೇಡಾ! ಕೆಂಚಪ್ಪಣ್ಣ, ಬೇಡಾ! ಎಂಜಿನ್ ಆರಿಸಿ!"

ಎಂಜಿನ್ನು ಆರಿತೋ ಇಲ್ಲವೋ ಅವಳು ನೋಡಲಿಲ್ಲ. ದೋಣಿಯ ಹಿಂಬದಿಯಿಂದ ಧುಮುಕಿಬಿಟ್ಟಳು.

ಆರಿಸಿದ್ದೆ, ದೇವರು ದೊಡ್ಡವನು, ಅಂತ ಕೆಂಚಪ್ಪ ಆಮೇಲೆ ಹಲವರ ಹತ್ತಿರ ಹೇಳಿಕೊಂಡ.

ಹಗ್ಗದ ಉದ್ದಕ್ಕೂ ಈಜಿ ಮೇಷ್ಟ್ರ ಹತ್ತಿರ ಬಂದಳು. ಮೂಗಿಗೆ ನೀರು ಹೋಗಿ ಕೆಮ್ಮು ಬಂದಾಗಲೇ ತಾನು ನೀರಿನಲ್ಲಿದ್ದೇನೆ ಅಂತ ಅವಳಿಗೆ ತಿಳಿದದ್ದು. ಮೈ ಜುಮ್ಮೆಂದಿತು. ಆದರೂ ಕೈ ಮಾತ್ರ ಮುಳುಗಿದ ಲೇಸನ್ನು ಹುಡುಕುತ್ತಿತ್ತು.

ಒದ್ದೆ ಗಂಟು ಬಿಚ್ಚಲಿಲ್ಲ. ಹಲ್ಲು ಹಾಕಿದಳು.

"ಯಾಕವ್ವ, ಹಲಗೆ ಚೆನ್ನಾಗಿಲ್ವಾ?" ಅಂತ ಮೇಷ್ಟ್ರು ಕೇಳಿದರು.

"ಇದರ ಮೇಲೆ ನೀವು ಹೋಗಬಾರದು." ಅವಳು ಅಳುತ್ತಿದ್ದಳು. "ಕಾಲು ಮುರಿಯುತ್ತೆ ಮೇಷ್ಟ್ರೇ."

"ನೀನು ಹೋಗ್ಬೋದಾ?"

ಅವಳು ಮತ್ತೆ ಹಲ್ಲು ಹಾಕಿ ಎಳೆದಳು, ಗಂಟು ಸಡಿಲವಾಯಿತು.

ದಡಕ್ಕೆ ಬಂದರು. ಮೇಷ್ಟ್ರು ಹಲಗೆಯನ್ನು ಮತ್ತೆ ಬೆಂಚಿನ ಮೇಲೆ ಹಾಕಿ ಟವೆಲಿನಿಂದ ತಲೆ ಒರೆಸಿಕೊಂಡರು.

"ಎರಡು ದೋಣಿ ಮೇಲೆ ಕಾಲಿಡೋರನ್ನ ಬೇಕಾದಷ್ಟು ನೋಡಿದ್ದೀನಿ," ಅಂದರು. "ಒಂದೇ ಹಲಗೆ ಮೇಲೆ ನಿಂತು ಎರಡು ದೋಣಿ ಮಾಡ್ಕೊಂಡೋಳು ನೀನೊಬ್ಬಳೇ."

ಅವಳಿಗೆ ಅಳುವಿನ ನಡುವೆಯೂ ನಗು ಬಂತು.

"ಹಿಡಿದ್ರೆ ಎರಡೂ ಹಿಡೀಲಿ. ಬಿಟ್ರೆ ಎರಡೂ ಒಟ್ಟಿಗೇ ಬಿಡ್ಲಿ. ಹೋದ ಸಲ ನಿನ್ನ ಕಾಲು ಮುರ್ದಿದ್ದು ಬೂಟು ಬಿಗಿ ಇದ್ದಿದ್ದಕ್ಕಲ್ಲ ಮಗ. ಒಂದು ಬಿಟ್ಟು ಇನ್ನೊಂದು ಹಿಡ್ಕೊಂಡಿದ್ದಕ್ಕೆ. ಈಗ ಕಟ್ಟು, ನಂಗೇ ಕಟ್ತಾ ಇದ್ದೀನಿ ಅಂದ್ಕೊಂಡು ಕಟ್ಟು."

ಹಂಸವೇಣಿ ಎರಡೂ ಲೇಸು ಪೂರಾ ಬಿಚ್ಚಿದಳು. ಮೊದಲಿನಿಂದ ಶುರು ಮಾಡಿದಳು.

ಕಟ್ಟಿ, ಕಾಲು ಹಾಕಿ, ಮರಳಿನ ಮೇಲೆ ನಿಂತಳು. ಹಲಗೆ ಏಳದಂತೆ ಕೆಂಚಪ್ಪ ಹಿಂದಿನ ತುದಿಯನ್ನು ತುಳಿದುಕೊಂಡ. ಅವಳು ಬೀಳುವವಳ ಹಾಗೆ ಮುಂದಕ್ಕೆ ವಾಲಿ ಎರಡು ಹಿಮ್ಮಡಿಯನ್ನೂ ಬೂಟಿನಿಂದ ಮೇಲಕ್ಕೆ ಎಳೆದಳು. ಮುಂದಿನದು ಬೇಗ ಎದ್ದಿತು. ಕಾಲು ತೆಗೆದು, ಮುಂದಿನ ಲೇಸನ್ನು ಅರ್ಧ ಬೆರಳು ಬಿಗಿದಳು. ಮತ್ತೆ ನಿಂತಳು. ಈಗ ಹಿಂದಿನದು ಬೇಗ ಎದ್ದಿತು.

ಹೀಗೆ ಏಳೆಂಟು ಸಲ ಆಯಿತು. ಬಿಸಿಲು ಏರಿತು. ಕೆಂಚಪ್ಪನಿಗೆ ಹೊಟ್ಟೆ ಹಸಿದು ಅವನು ಗೊಣಗಲು ಶುರು ಮಾಡಿದ. ಮೇಷ್ಟ್ರು ಬೇವಿನ ಕಡ್ಡಿ ಅಗಿಯುತ್ತ ಕೂತಿದ್ದರು, ಅವಸರ ಮಾಡಲಿಲ್ಲ.

ಕೊನೆಗೊಮ್ಮೆ ಎರಡು ಹಿಮ್ಮಡಿಯೂ ಒಂದೇ ಎಳೆತಕ್ಕೆ, ಒಂದೇ ಸಲ ಎದ್ದವು.

ಇನ್ನೆರಡು ಸಲ ನೋಡಿದಳು. ಹಾಗೇ ಎದ್ದವು.

"ಈಗ ನಾನು ಹೋಗ್ಲಾ?" ಅಂತ ಮೇಷ್ಟ್ರು ಕೇಳಿದರು.

ಹಂಸವೇಣಿ ಹಲಗೆ ನೋಡಿದಳು, ಮೇಷ್ಟ್ರ ಕಾಲು ನೋಡಿದಳು.

"ಹೋಗಿ ಮೇಷ್ಟ್ರೇ. ಏನೂ ಆಗಲ್ಲ."

"ಹಂಗಾದ್ರೆ ನೀನೇ ಹೋಗು."

ಅವಳ ಮುಖ ಬಿಳಿಚಿಕೊಂಡಿತು. ಆದರೂ ಪಾದಕ್ಕೆ ನೊರೆ ಹಚ್ಚಿಕೊಂಡಳು.

ನೀರಿಗೆ ಇಳಿದಳು. ಮೇಷ್ಟ್ರು ದೋಣಿಯಲ್ಲಿ ಕಾವಲಿಗೆ ಕೂತರು, ಅವಳ ಕಡೆ ಮುಖ ಮಾಡಿ. ಅವಳು ತೇಲುತ್ತಲೇ ಕೇಳಿದಳು: "ಮೇಷ್ಟ್ರೇ, ನಾನು ಕೂಗದೆ ಇದ್ದಿದ್ರೆ ನಿಜವಾಗಲೂ ಹೋಗ್ತಿದ್ರಾ?"

"ನಿನ್ನ ಬಾಯಿ ಎಷ್ಟು ದೊಡ್ಡದು ಅಂತ ನಂಗೊತ್ತಿಲ್ವಾ?"

ಕೆಂಚಪ್ಪ ಎಂಜಿನ್ನು ಹಾಕಿದ. ದೋಣಿ ಮುಂದೆ ಸರಿಯಿತು. ಹಗ್ಗದ ಸುರುಳಿ ಒಂದೊಂದಾಗಿ ಬಿಚ್ಚಿಕೊಂಡು ನೀರಿಗೆ ಬಿತ್ತು.

ಹಂಸವೇಣಿಯ ಮೊಣಕಾಲು ಎದೆಗೆ ಅಂಟಿತ್ತು. ಹಗ್ಗದ ಹಿಡಿಕೆಯನ್ನು ಎರಡು ಕೈಯಲ್ಲೂ ಹಿಡಿದಿದ್ದಳು. ದೂರದಲ್ಲಿ ಆರು ಕೆಂಪು ಚೆಂಡುಗಳು ಅಲ್ಲಾಡುತ್ತಿದ್ದವು. ಮೂರನೆಯದನ್ನು ಅವಳು ನೋಡಬಾರದು ಅಂದುಕೊಂಡಳು, ನೋಡಿದಳು.

"ಮೇಷ್ಟ್ರೇ!" ಅಂತ ಕೂಗಿದಳು. "ಹೆದರಿಕೆ ಹೋಗಿಲ್ಲ! ಹಂಗೇ ಇದೆ!"

ಹಗ್ಗ ಬಿಗಿಯಾಗಲು ಇನ್ನು ಒಂದು ಮಾರು ಉಳಿದಿತ್ತು. ಮೇಷ್ಟ್ರು ಎಂಜಿನ್ನಿನ ಸದ್ದಿಗಿಂತ ಗಟ್ಟಿಯಾಗಿ ಕೂಗಿ ಹೇಳಿದರು:

"ಬೆಳಿಗ್ಗೆ ತಕ್ಕಡಿ ಹತ್ತಿದಾಗ ಅದೂ ನಿನ್ನ ಜೊತೇಲೇ ಇತ್ತಲ್ಲವ್ವ! ಅದನ್ನೂ ಸೇರಿಸ್ಕೊಂಡೇ ನಾನು ಹಲಗೆ ಆರಿಸಿದ್ದು!"