ಮಣ್ಣಜ್ಜನವರು ಓದಿದ ಹೆಜ್ಜೆ

ಹೊನ್ನೆಮರಡಿ ಮಠದ ಪೂಜ್ಯ ಶ್ರೀ ನಿರಂಜನಾರ್ಯ ಸ್ವಾಮಿಗಳ ಪೂರ್ತಿ ಹೆಸರು ಕಾಣುತ್ತಿದ್ದದ್ದು ಆಹ್ವಾನ ಪತ್ರಿಕೆಗಳಲ್ಲಿ ಮಾತ್ರ. ಉಳಿದಂತೆ ಭಕ್ತರೆಲ್ಲರ ಬಾಯಲ್ಲಿ ಅವರು ಮಣ್ಣಜ್ಜನವರು. ಮಠದ ಹಿಂದೆ ಒಂದು ಹಳೆಯ ಗರಡಿಮನೆ. ತಲೆ ಬಗ್ಗಿಸಿಯೇ ಒಳಹೋಗಬೇಕಾದ ಬಾಗಿಲು, ಗೂಡಿನಲ್ಲಿ ಒಂದು ಕಲ್ಲಿನ ಲಿಂಗ, ಅದರ ಮುಂದೆ ಎಣ್ಣೆ ದೀಪ, ನಡುವೆ ಮಜ್ಜಿಗೆ, ಅರಿಸಿನ, ಎಣ್ಣೆ ಬೆರೆಸಿ ಹದ ಮಾಡಿದ ಕೆಂಪು ಮಣ್ಣಿನ ಅಖಾಡ. ಅಜ್ಜನವರು ಪೀಠದ ಮೇಲೆ ಕೂತಿದ್ದಕ್ಕಿಂತ ಈ ಮಣ್ಣಿನಲ್ಲಿ ನಿಂತಿದ್ದೇ ಹೆಚ್ಚು. ಎಪ್ಪತ್ತೊಂಬತ್ತರ ವಯಸ್ಸಿನಲ್ಲೂ ಕಾವಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬೆಳಿಗ್ಗೆ ತಾವೇ ಗುದ್ದಲಿ ಹಿಡಿದು ಮಣ್ಣು ತಿರುವಿ, ಹಲಗೆ ಎಳೆದು ಸಮ ಮಾಡುತ್ತಿದ್ದರು.

ಪೂರ್ವಾಶ್ರಮದಲ್ಲಿ ಪೈಲ್ವಾನರಾಗಿದ್ದ ಅವರಿಗೆ ಉಸ್ತಾದರೊಬ್ಬರು ಒಂದು ವಿದ್ಯೆ ಧಾರೆಯೆರೆದಿದ್ದರು. ಒಳತಾಲೀಮು ಎಂದು ಅದರ ಹೆಸರು. ಕುಸ್ತಿಯ ಪಟ್ಟುಗಳೇ, ಆದರೆ ಎದುರಾಳಿಯಿಲ್ಲ, ಅವಸರವಿಲ್ಲ. ಬಾವಿಯ ನೀರಿನ ಮೇಲೆ ಬಿದ್ದ ಹೊಂಗೆ ಎಲೆ ತೇಲುವಷ್ಟು ನಿಧಾನವಾಗಿ, ಉಸಿರಿನ ಜೊತೆ ಕೈಕಾಲು ಸಾಗಬೇಕು. ಕೀಲು ಹಿಡಿದವರು, ಸೊಂಟ ಕೂತವರು ಅದನ್ನು ಕಲಿಯಲು ಎಲ್ಲೆಲ್ಲಿಂದಲೋ ಬರುತ್ತಿದ್ದರು.

ನಾನು ನಂಬಿಕೆಯಿಂದ ಬಂದವನಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು. ಬೋರ್ಡಿನ ಮುಂದೆ ನಿಂತೂ ನಿಂತೂ ಬಲ ಮೊಣಕಾಲು ಸವೆಯಿತು ಎಂಬುದು ನನ್ನ ವಾದ. “ನಿಂತಿದ್ದಕ್ಕೆ ಸವೆದಿದ್ರೆ ಎರಡೂ ಸವೀಬೇಕಿತ್ತು. ಇದು ಮಾತಾಡಿದ್ದಕ್ಕೆ” ಎಂಬುದು ನನ್ನ ಪತ್ನಿ ನೀಲಾಂಬಿಕೆಯ ವಾದ.

ನೋವಿನ ಮಾತು ಹಾಗಿರಲಿ, ನನ್ನನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಬೇರೆ. ನಾನು ಗರಡಿಗೆ ಬರುವ ಆರು ವರ್ಷ ಮೊದಲೇ ನೀಲಾಳ ಕಣ್ಣು ಪೂರ್ತಿ ಹೋಗಿತ್ತು. ಪ್ರತಿ ಸೋಮವಾರ ಮಠದ ಪ್ರಸಾದದ ಪಂಕ್ತಿಯಲ್ಲಿ ನಾನು ಅವಳ ಪಕ್ಕ ಕೂತು, ಎಲೆಯ ಮೇಲೆ ಏನೇನು ಎಲ್ಲೆಲ್ಲಿ ಬಿತ್ತು ಎಂಬ ವರದಿ ಒಪ್ಪಿಸುತ್ತಿದ್ದೆ. ಮೊಣಕಾಲು ಮಡಚದಂತಾದ ಮೇಲೆ ನನಗೆ ದೂರದಲ್ಲಿ, ಕಂಬದ ಹತ್ತಿರ, ಕುರ್ಚಿ ಮೇಜು ಬಂದವು. ಅವಳಿಗೂ ಒಂದು ಕುರ್ಚಿ ಹಾಕಿಸಿದರೆ, “ಅಜ್ಜಾರೇ ನೆಲದ ಮೇಲೆ ಕುಂತಿರ್ತಾರೆ, ಗಟ್ಟಿ ಕಾಲಿಟ್ಕೊಂಡು ನಾನು ಮೇಲೆ ಕೂರ್ಲಾ?” ಎಂದು ಪಂಕ್ತಿಗೇ ಹೋದಳು. ಒಂದು ಸೋಮವಾರ ಸಿಹಿ ಗೋಧಿ ಹುಗ್ಗಿಗೆ ಉಪ್ಪಿನಕಾಯಿ ಕಲಸಿಕೊಂಡಳು. ಪ್ರಸಾದ ಚೆಲ್ಲಬಾರದಲ್ಲ, ಮುಖ ಹಿಂಡಿಕೊಂಡು ಅದನ್ನೇ ತಿಂದು ಮುಗಿಸಿದಳು. ಕಂಬದ ಹತ್ತಿರದಿಂದ ನಾನು ನೋಡುತ್ತಿದ್ದೆ. ಮರುದಿನವೇ ಅವಳ ಕೈ ಹಿಡಿದುಕೊಂಡು, ಕುಂಟುತ್ತಾ ಗರಡಿಗೆ ಬಂದೆ.

ನೀಲಾ ಹೊರಗಿನ ಜಗಲಿಯ ಮೇಲೆ ಕೂತಳು. ಸವೆತ, ಘರ್ಷಣೆ, ಗುರುತ್ವ ಕೇಂದ್ರ ಎಂದು ನಾನು ಕಾಲು ಗಂಟೆ ಕೊಟ್ಟ ಉಪನ್ಯಾಸವನ್ನು ಅಜ್ಜನವರು ಶಾಂತವಾಗಿ ಆಲಿಸಿದರು. ನಿಧಾನವಾಗಿ ಕೈಕಾಲು ಆಡಿಸುವುದರಿಂದ ಸವೆದ ಕೀಲು ಹೇಗೆ ಸುಧಾರಿಸೀತು ಎಂದು ಕೇಳಿ ಮುಗಿಸಿದೆ.

“ಮೇಷ್ಟ್ರೇ, ನಮ್ಮನ್ನ ತಳ್ಳಿ” ಎಂದರು.

“ಬುದ್ಧೀ?”

“ತಳ್ಳಿ.”

ಜಗಲಿಯಿಂದ ಕೂಗು ಬಂತು. “ರೀ! ಯಾರನ್ನ ತಳ್ತಿದೀರ? ಕಾಲು ಹೋಗಿದ್ದು ಸಾಲ್ದು ಅಂತ ಪಾಪಾನೂ ಕಟ್ಕೊಳ್ತೀರಾ?”

“ಅವ್ರೇ ಅಪ್ಪಣೆ ಮಾಡಿದಾರೆ ಕಣೇ!”

“ಹಂಗಾದ್ರೆ ಮೆಲ್ಲಗೆ ತಳ್ಳಿ!”

ಅಜ್ಜನವರು ನಕ್ಕರು. ನಾನು ಮೊದಲು ಎರಡು ಬೆರಳು, ಆಮೇಲೆ ಅಂಗೈ, ಕೊನೆಗೆ ಎರಡೂ ಕೈ ಹಚ್ಚಿ ಅವರ ಹೆಗಲನ್ನು ತಳ್ಳಿದೆ. ಆ ಹೆಗಲು ಬಾಗಿಲ ಪರದೆಯಂತೆ ಸರಿಯಿತು. ನನ್ನ ಬಲವೇ ನನ್ನನ್ನು ಎಳೆದುಕೊಂಡು ಮುಂದಕ್ಕೆ ಹೋಯಿತು. ಬಿದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವರ ಅಂಗೈ ನನ್ನ ಮೊಣಕೈಯ ಕೆಳಗಿತ್ತು. ಕೂಸನ್ನು ತೊಟ್ಟಿಲಿಗೆ ಇಳಿಸುವಂತೆ ನನ್ನನ್ನು ಮಣ್ಣಿನ ಮೇಲೆ ಕೂರಿಸಿದರು. ನೋಡಿಕೊಂಡರೆ, ಎರಡು ವರ್ಷದಿಂದ ಹಟ ಹಿಡಿದಿದ್ದ ಮೊಣಕಾಲು ಅರ್ಧಕ್ಕಿಂತ ಹೆಚ್ಚು ಮಡಚಿತ್ತು! ಎಬ್ಬಿಸಲು ಇಬ್ಬರು ಪೈಲ್ವಾನರು ಬೇಕಾದರು ಎಂಬುದು ಬೇರೆ ಮಾತು.

“ಡಾಕ್ಟ್ರ ಮಾತ್ರೆ ಬಿಡಬೇಡಿ. ನಾಳೆಯಿಂದ ಬನ್ನಿ” ಎಂದಷ್ಟೇ ಹೇಳಿ ಅಜ್ಜನವರು ಹಲಗೆ ಕೈಗೆತ್ತಿಕೊಂಡರು.

ನನಗೆ ಕೊಟ್ಟ ಪಾಠ ಒಂದೇ. ಬಾವಿಯಿಂದ ತಾಮ್ರದ ಬಿಂದಿಗೆಯಲ್ಲಿ ನೀರು ತಂದು, ಆಗ ತಾನೇ ಸಮ ಮಾಡಿದ ಅಖಾಡವನ್ನು ದಾಟಿ, ಲಿಂಗದ ಅಭಿಷೇಕಕ್ಕೆ ಒಪ್ಪಿಸಬೇಕು. ಒಂದು ಕಾಲಿಗೆ ಇಡೀ ಮೈಭಾರ ಕೊಟ್ಟ ಮೇಲೆಯೇ ಇನ್ನೊಂದು ಕಾಲು ಎತ್ತಬೇಕು. ಮಣ್ಣಿಗೆ ಒಂದು ಹನಿಯೂ ಬೀಳಬಾರದು.

ಭೌತಶಾಸ್ತ್ರದವನಿಗೆ ಇದೊಂದು ಕಷ್ಟವೇ? ಬಿಂದಿಗೆಯ ನೀರನ್ನು ಕಂಠಕ್ಕಿಂತ ನಾಲ್ಕು ಬೆರಳು ಕೆಳಗೇ ನಿಲ್ಲಿಸಿದೆ. ಎಷ್ಟು ಕುಂಟಿದರೂ ಹನಿ ಹೊರಗೆ ಬರುತ್ತಿರಲಿಲ್ಲ. ಮೂರು ವಾರ ಹೀಗೇ ಬೀಗಿದೆ. ಒಂದು ಬೆಳಿಗ್ಗೆ ತಡೆಯಲಾಗದೆ, “ಇವತ್ತೂ ಒಂದು ಹನಿ ಬಿದ್ದಿಲ್ಲ, ಬುದ್ಧೀ!” ಎಂದು ಸಾರಿದೆ.

ಅಜ್ಜನವರು ಬಿಂದಿಗೆಯ ಕಡೆ ನೋಡಲೇ ಇಲ್ಲ. ಮಣ್ಣನ್ನು ತೋರಿಸಿದರು. ನಾನು ದಾಟಿ ಬಂದ ಹೆಜ್ಜೆಗಳು ಸಾಲಾಗಿದ್ದವು. ಎಡಗಾಲಿನ ಗುರುತು ಮುದ್ರೆಯೊತ್ತಿದಂತೆ ಆಳ. ಬಲಗಾಲಿನದು ಬರೀ ಬೆರಳ ತುದಿ, ಕದ್ದು ಬಂದವನ ಹೆಜ್ಜೆ. ಆಮೇಲೆ ತಮ್ಮ ಬಿಂದಿಗೆಯಿಂದ ನನ್ನದಕ್ಕೆ ನೀರು ಸುರಿದರು. ನೀರು ಅಂಚಿಗೆ ಬಂದು ನಡುಗುತ್ತಾ ನಿಂತಿತು.

“ಅರೆ ಬಿಂದಿಗೆ ನೀರನ್ನ ಲಿಂಗಕ್ಕೆ ಎರೆಯೋದಿಲ್ಲ, ಮೇಷ್ಟ್ರೇ. ಕಾಲಿಗೂ ಅರೆ ಭಾರ ಕೊಡಬೇಡಿ. ನಂಬಿ ಪೂರ್ತಿ ಕೊಡಿ, ಹೊರುತ್ತೆ.”

ವಾದ ಮಾಡದೆ ಬಿಂದಿಗೆ ಎತ್ತಿಕೊಂಡು ಬಾಗಿಲಿನಿಂದ ಮತ್ತೆ ಹೊರಟೆ. “ಅಜ್ಜಾರು ಇವರ ಬಾಯಿಗೆ ಏನು ಮದ್ದು ಹಾಕಿದ್ರೋ!” ಎಂದು ಜಗಲಿಯಲ್ಲಿ ನೀಲಾ ಗಾಬರಿಯಾದಳಂತೆ.

ಆವತ್ತು ಲಿಂಗದ ಬಳಿ ತಲುಪುವಷ್ಟರಲ್ಲಿ ಅರ್ಧ ನೀರು ನನ್ನ ಪಂಚೆಯ ಮೇಲಿತ್ತು. ಆದರೆ ಒಂದು ಹೆಜ್ಜೆ, ಒಂದೇ ಒಂದು ಹೆಜ್ಜೆ, ಬಲಗಾಲಿಗೆ ಪೂರ್ತಿ ಭಾರ ಕೊಟ್ಟು ನಿಂತೆ. ಕಾಲು ಹೊತ್ತುಕೊಂಡಿತು. ಆಷಾಢ ಹೋಯಿತು, ಶ್ರಾವಣ ಹೋಯಿತು. ಅಜ್ಜನವರು ದಿನಾ ಮಣ್ಣು ಓದುತ್ತಿದ್ದರು, ತಪ್ಪಿದ ಕಡೆ ಕಾಲ್ಬೆರಳಿನಿಂದ ಒಂದು ಗೀಟು ಹಾಕಿ ಸುಮ್ಮನಾಗುತ್ತಿದ್ದರು. ನೋವು ಪೂರ್ತಿ ಹೋಯಿತೆಂದು ಬರೆದರೆ ಗುರುದ್ರೋಹವಾದೀತು. ಬರುತ್ತಿತ್ತು, ಆದರೆ ಯಜಮಾನಿಕೆ ಬಿಟ್ಟು ನೆಂಟನ ಹಾಗೆ ಬಂದು ಹೋಗುತ್ತಿತ್ತು.

ಕಾರ್ತಿಕದ ಒಂದು ಸೋಮವಾರ ತುಂಬಿದ ಬಿಂದಿಗೆಯೊಡನೆ ಅಖಾಡ ದಾಟಿದೆ. ಹನಿ ಬೀಳಲಿಲ್ಲ. ಅಜ್ಜನವರು ಬಗ್ಗಿ, ಬಲಗಾಲಿನ ಗುರುತೊಂದನ್ನು ಅಂಗೈಯಿಂದ ಮುಟ್ಟಿ ನೋಡಿದರು. “ಇವತ್ತು ಪಂಕ್ತಿಗೆ ಹೋಗಿ” ಎಂದರು.

ಮಧ್ಯಾಹ್ನ ಪಂಕ್ತಿಯ ಸಾಲಿಗೆ ನಡೆದೆ. ನೀಲಾಳ ಬಲಕ್ಕೆ ಒಂದು ಜಾಗ ಖಾಲಿಯಿತ್ತು. ಹತ್ತಿರ ಹೋದೊಡನೆ ಅವಳು ಆ ಜಾಗದ ಮೇಲೆ ಕೈಯಿಟ್ಟಳು.

“ಮುಂದೆ ಹೋಗ್ರಪ್ಪಾ, ಇಲ್ಲಿ ಕೂರೋ ಹಂಗಿಲ್ಲ. ನಮ್ಮೆಜಮಾನ್ರಿಗೆ ಅಂತ ಇಟ್ಟಿರೋದು.”

ಎರಡು ವರ್ಷದಿಂದ ಪ್ರತಿ ಸೋಮವಾರ ಅವಳು ಆ ಜಾಗ ಕಾಯುತ್ತಿದ್ದಳು. ಕಂಬದ ಹತ್ತಿರ ಕೂತ ಪಂಡಿತನಿಗೆ ಅದು ಕಂಡಿರಲಿಲ್ಲ. ಗರಡಿಯ ಹೊರಗೆ ಅಲ್ಲಿಯವರೆಗೂ ಕುಂಟಿಯೇ ನಡೆದಿದ್ದೆನಲ್ಲ, ಕುಂಟದ ಹೆಜ್ಜೆ ಕೇಳಿ ಅವಳಿಗೂ ನನ್ನ ಗುರುತು ಹತ್ತಲಿಲ್ಲ.

ಉಸಿರು ಬಿಡುತ್ತಾ, ಭಾರವನ್ನು ಬಲಗಾಲಿಗೆ ನಂಬಿ ಕೊಡುತ್ತಾ, ನಿಧಾನವಾಗಿ ನೆಲಕ್ಕೆ ಇಳಿದೆ. ಅವಳ ಕೈ ನನ್ನ ಮಡಚಿದ ಮೊಣಕಾಲನ್ನು ತಡವಿತು, ಅಲ್ಲಿಯೇ ನಿಂತಿತು. ಬಡಿಸುವವರು ಬಂದು ಹೋದರು.

“ಉಪ್ಪಿನಕಾಯಿ ಎಲ್ಲಿದೆ?” ಎಂದಳು ಕೊನೆಗೆ.

“ಹುಗ್ಗಿಯಿಂದ ದೂರ ಇದೆ” ಎಂದೆ.

ಪಂಕ್ತಿಯ ತುದಿಯಲ್ಲಿ ನೆಲದ ಮೇಲೆ ಕೂತಿದ್ದ ಅಜ್ಜನವರು ಕಣ್ಣು ಮುಚ್ಚಿ, ಮೊದಲ ತುತ್ತು ಎತ್ತಿದರು.

ಅವರು ಲಿಂಗೈಕ್ಯರಾಗಿ ಈಗ ನಾಲ್ಕು ವರ್ಷ. ಗರಡಿಯ ಲಿಂಗಕ್ಕೆ ನೀರು ತರುವ ಸೋಮವಾರದ ಸೇವೆ ನನ್ನ ಪಾಲಿನದು. ಬಿಂದಿಗೆಯನ್ನು ಅಂಚಿನವರೆಗೂ ತುಂಬುತ್ತೇನೆ. ದಾಟಿದ ಮೇಲೆ ಒಮ್ಮೆ ತಿರುಗಿ ಮಣ್ಣನ್ನು ನೋಡಿ, ಅವರಿಗೆ ಕೈ ಮುಗಿಯುತ್ತೇನೆ.