ಒಬ್ಬನ ಕಿವಿಗಾಗಿ ಕಲಿತ ಕೊಳಲು

“ಗುರುಗಳೇ, ಕೋಪ ಬಿಡು, ಕೋಪ ಬಿಡು ಎನ್ನುತ್ತೀರಿ. ಅದನ್ನು ಬಿಟ್ಟರೆ ನನ್ನಲ್ಲಿ ಉಳಿಯುವುದಾದರೂ ಏನು?”

ಹೀಗೆ ಕೇಳಿದವನು ನಿರ್ವಾಣಪ್ಪ ಎಂಬ ಶಿಷ್ಯ. ಅವನ ಅಣ್ಣ ಒಮ್ಮೆ ನಾಲ್ಕು ಜನರ ಎದುರು ಅವನನ್ನು ಅಕ್ಷರ ಹತ್ತದ ಕೋಣ ಎಂದು ಕರೆದಿದ್ದ. ಅಂದೇ ಅವನು ಮನೆ ಬಿಟ್ಟು ಮಠಕ್ಕೆ ಬಂದ. ಬಂದಾಗ ಮೂವತ್ತು ದಾಟಿತ್ತು. ಆರು ವರ್ಷ ಹಗಲಿರುಳೆನ್ನದೆ ಓದಿದ. ಈಗ ಮಠದಲ್ಲಿ ಅವನಷ್ಟು ಓದಿದವರು ಯಾರೂ ಇರಲಿಲ್ಲ.

“ಬೆಳಗ್ಗೆ ನನ್ನನ್ನು ಎಬ್ಬಿಸುವುದು ಕೋಪ. ಪುಸ್ತಕ ತೆರೆಸುವುದು ಕೋಪ. ಒಂದು ದಿನ ಅಣ್ಣನ ಮುಂದೆ ನಿಂತು ನಾನು ಮಾತಾಡಬೇಕು, ಅವನು ತಲೆ ತಗ್ಗಿಸಬೇಕು. ಇದರಲ್ಲಿ ತಪ್ಪೇನು?” ಎಂದ. ಅವನ ದನಿ ಏರಿತ್ತು.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಒಳ್ಳೆಯ ಕೆಲಸಗಾರ. ಅವನು ಮಾಡಿದ ಬಾಗಿಲು ಮಳೆಗಾಲದಲ್ಲೂ ಬಿಗಿಯುತ್ತಿರಲಿಲ್ಲ. ನಲವತ್ತೊಂದು ವರ್ಷವಾಗುವವರೆಗೂ ಅವನಿಗೆ ಸಂಗೀತದ ಗಂಧವೇ ಇರಲಿಲ್ಲ. ಒಂದು ದಿನ ಅದೇ ಊರಿನ ಸಂಗೀತ ವಿದ್ವಾಂಸನ ಮನೆಗೆ ತೂಗುಮಂಚ ಜೋಡಿಸಲು ಹೋದ. ಒಳಗೆ ವಿದ್ವಾಂಸ ಕೊಳಲಿನಲ್ಲಿ ತೋಡಿ ರಾಗ ನುಡಿಸುತ್ತಿದ್ದ. ಬಡಗಿ ಉಳಿಯನ್ನು ಕೆಳಗಿಟ್ಟ. ರಾಗ ಮುಗಿಯುವವರೆಗೂ ಮತ್ತೆ ಎತ್ತಲಿಲ್ಲ.

ಆ ವಾರದ ಸಂತೆಯಲ್ಲೇ ಒಂದು ಕೊಳಲು ಕೊಂಡ. ಒಂದು ತಿಂಗಳು ಬರೀ ಗಾಳಿ ಬಂತು. ಆಮೇಲೆ ಒಂದು ಸ್ವರ ಬಂತು. ಆ ಒಂದೇ ಸ್ವರದ ಸಂತೋಷವನ್ನು ಹೊತ್ತುಕೊಂಡು ಅವನು ವಿದ್ವಾಂಸನ ಮನೆಗೆ ಓಡಿದ. ಅಂದು ಅಲ್ಲಿ ಊರಿನ ದೊಡ್ಡವರೆಲ್ಲ ಸೇರಿದ್ದರು.

“ನನಗೂ ಕಲಿಸಿಕೊಡಿ, ಬುದ್ಧೀ” ಎಂದು ಕೈಮುಗಿದ.

“ಎಲ್ಲಿ, ಊದು ನೋಡೋಣ” ಎಂದ ವಿದ್ವಾಂಸ.

ಅಷ್ಟು ಜನರ ಮುಂದೆ ಅವನ ತುಟಿ ನಡುಗಿತು. ಗಾಳಿ ಮಾತ್ರ ಬಂತು. ವಿದ್ವಾಂಸ ಸುತ್ತ ಒಮ್ಮೆ ನೋಡಿ, “ಈ ವಯಸ್ಸಿನಲ್ಲಿ ಊದಲೇಬೇಕೆಂದಿದ್ದರೆ ಮನೆಗೆ ಹೋಗಿ ಒಲೆ ಊದಪ್ಪ. ಹೆಂಡತಿಗಾದರೂ ಉಪಕಾರವಾದೀತು” ಎಂದ. ಎಲ್ಲರೂ ನಕ್ಕರು. ಒಬ್ಬನಂತೂ ತೊಡೆ ತಟ್ಟಿ ನಕ್ಕ.

ಬಡಗಿ ಮನೆಗೆ ಬಂದವನು ಉಣ್ಣಲಿಲ್ಲ. ಮೂರನೆಯ ದಿನ ಹೆಂಡತಿಗೆ ಹೇಳಿದ: “ಅದೇ ತೋಡಿಯನ್ನು ಆ ಮನುಷ್ಯನ ಮುಂದೆ ಕೂತು ನುಡಿಸುತ್ತೇನೆ. ಅವನು ಕೇಳುವವರೆಗೆ ಬೇರೆ ಯಾರೂ ಕೇಳಕೂಡದು.”

ಪಕ್ಕದ ಹಳ್ಳಿಯಲ್ಲಿ ಭಜನೆಗೆ ಕೊಳಲೂದುವ ಒಬ್ಬ ಮುದುಕನಿದ್ದ. ಬಡಗಿ ಅವನ ಬಳಿ ಪಾಠಕ್ಕೆ ಸೇರಿದ. ದಿನವೂ ಕೆಲಸ ಮುಗಿಸಿ ಎರಡು ಹರದಾರಿ ನಡೆಯುತ್ತಿದ್ದ. ಉಳಿ ಹಿಡಿದು ಜಡ್ಡುಗಟ್ಟಿದ ಬೆರಳು ಕೊಳಲಿನ ತೂತನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. ಬೆರಳ ತುದಿಯನ್ನು ಅರದಿಂದ ಉಜ್ಜಿದ. ರಕ್ತ ಬಂತು. ಒರೆಸಿಕೊಂಡು ಮತ್ತೆ ಊದಿದ. ಸ್ವರ ಜಾರಿದಾಗಲೆಲ್ಲ ತೊಡೆ ತಟ್ಟಿ ನಕ್ಕವನ ಮುಖ ಕಣ್ಣ ಮುಂದೆ ಬರುತ್ತಿತ್ತು. ಮೂರು ಕೊಳಲುಗಳನ್ನು ಮೊಣಕಾಲಿಗೆ ಬಡಿದು ಮುರಿದ. ನಾಲ್ಕನೆಯದನ್ನು ಕೊಂಡ.

“ಉಸಿರನ್ನು ಹೀಗೆ ಗುದ್ದಬೇಡವೋ, ಇಲ್ಲಿ ನಿನ್ನ ಶತ್ರು ಯಾರೂ ಇಲ್ಲ” ಎನ್ನುತ್ತಿದ್ದ ಮುದುಕ. ಬಡಗಿ ಹಲ್ಲು ಕಚ್ಚಿ ಮತ್ತೆ ಊದುತ್ತಿದ್ದ. ಐದನೆಯ ವರ್ಷ ಮುದುಕ ಅವನನ್ನು ಭಜನೆಗೆ ಕರೆದ. ಹೋಗಲಿಲ್ಲ. ಕಲಿಯಬೇಕಾದ್ದು ಮುಗಿಯಿತು ಎನಿಸಿದಾಗ ಮುದುಕನ ಮನೆಗೆ ಹೋಗುವುದನ್ನೂ ಬಿಟ್ಟ. ಮನೆಯ ಹಿತ್ತಿಲ ಕೋಣೆಯಲ್ಲಿ ಕದ ಹಾಕಿಕೊಂಡು ಒಂದೇ ರಾಗವನ್ನು ತಿದ್ದುತ್ತ ಕೂತ.

ಎಂಟನೆಯ ವರ್ಷ ಅವನ ತಾಯಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಮಗನನ್ನು ಕರೆದು, “ಹಿತ್ತಿಲಲ್ಲಿ ಊದುವುದನ್ನು ಇಲ್ಲೇ ಬಂದು ಊದಪ್ಪ. ಗೋಡೆಯಾಚೆಯಿಂದ ಸರಿಯಾಗಿ ಕೇಳಿಸುವುದಿಲ್ಲ” ಎಂದಳು.

“ಈಗಲ್ಲ ಅವ್ವ. ಮೊದಲು ಅವನು ಕೇಳಲಿ.”

“ಅವನು ಅಂದರೆ ಯಾರು ಮಗಾ?”

ಬಡಗಿ ಎದ್ದು ಹೋದ. ಆ ತಿಂಗಳಲ್ಲೇ ತಾಯಿ ತೀರಿಕೊಂಡಳು. ಅವ್ವ ಕೇಳದೆ ಹೋದದ್ದಕ್ಕೂ ಆ ವಿದ್ವಾಂಸನೇ ಕಾರಣ ಎಂದುಕೊಂಡ ಅವನು. ಕೋಪ ಇಮ್ಮಡಿಯಾಯಿತು. ನುಡಿಸುವ ಕೈಯೂ ಇನ್ನಷ್ಟು ಹರಿತವಾಯಿತು.

ಹನ್ನೆರಡು ವರ್ಷ ತುಂಬಿದ ಮೇಲೆ ಒಂದು ಬೆಳಗ್ಗೆ, ಈಗ ಸರಿ, ಎನಿಸಿತು. ಮಡಿ ಬಟ್ಟೆ ಉಟ್ಟು ವಿದ್ವಾಂಸನ ಮನೆಗೆ ಹೊರಟ. ವಿದ್ವಾಂಸ ಜಗಲಿಯ ಮೇಲೆ ಚಾಪೆ ಹಾಕಿಕೊಂಡು ಕುಳಿತಿದ್ದ. ಅವನ ಮಗಳು ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಡಗಿ ಯಾರನ್ನೂ ಕೇಳಲಿಲ್ಲ. ಎದುರಿಗೆ ಕುಳಿತು ಕೊಳಲನ್ನು ತುಟಿಗಿಟ್ಟ.

ತೋಡಿ ತಪ್ಪಿಲ್ಲದೆ ಬಂತು. ಬೀದಿಯಲ್ಲಿ ಹೋಗುವವರು ನಿಂತರು. ಅಕ್ಕಿ ಆರಿಸುತ್ತಿದ್ದವಳ ಕೈ ಮೊರದ ಮೇಲೆಯೇ ನಿಂತಿತು. ವಿದ್ವಾಂಸನ ತಲೆ ಮಾತ್ರ ಒಮ್ಮೆಯೂ ತೂಗಲಿಲ್ಲ. ಅವನು ಬಡಗಿಯ ಬೆರಳುಗಳನ್ನೇ ನೋಡುತ್ತಿದ್ದ. ಬಡಗಿಯ ಮೈ ಉರಿಯಿತು. ಮುಗಿಸಿದವನೇ ಎದ್ದು ಕೂಗಿದ: “ಈಗ ಹೇಳಿ! ಒಲೆ ಊದಲೇ?”

ವಿದ್ವಾಂಸ ಮಗಳ ಕಡೆ ತಿರುಗಿದ. ಅವಳು ಬಡಗಿಗೆ ಹೇಳಿದಳು: “ಅಪ್ಪನಿಗೆ ಕಿವಿ ಹೋಗಿ ಆರು ವರ್ಷವಾಯಿತು.”

ಬಡಗಿ ವಿದ್ವಾಂಸನ ಭುಜ ಹಿಡಿದು ಅಲುಗಿಸಿದ. ಮಗಳು ಗಾಬರಿಯಿಂದ ಎದ್ದಳು. ವಿದ್ವಾಂಸ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಗುರುತು ಹತ್ತಲಿಲ್ಲ.

“ಯಾರಪ್ಪ ನೀನು? ಬೆರಳು ಚೆನ್ನಾಗಿ ಓಡುತ್ತವೆ. ಯಾವ ರಾಗ ನುಡಿಸಿದೆ?” ಎಂದ.

ಬಡಗಿ ಕೈಬಿಟ್ಟು ಮೆಟ್ಟಿಲಿಳಿದ. ದಾರಿಯಲ್ಲಿ ಒಂದೇ ಯೋಚನೆ ಅವನನ್ನು ಕುಕ್ಕುತ್ತಿತ್ತು. ಅವ್ವ ಊದೆಂದು ಕೇಳಿಕೊಂಡಾಗಲೇ ಈ ಮನುಷ್ಯನ ಕಿವಿ ಹೋಗಿ ಎರಡು ವರ್ಷವಾಗಿತ್ತು. ಒಂದೇ ಊರಿನಲ್ಲಿದ್ದೂ ಅವನಿಗೆ ಇದು ತಿಳಿದಿರಲಿಲ್ಲ. ಅವಮಾನವಾದ ದಿನದಿಂದ ವಿದ್ವಾಂಸನ ಬೀದಿಗೆ ಅವನು ಕಾಲಿಟ್ಟಿರಲಿಲ್ಲ. ವಿದ್ವಾಂಸನ ಹೆಸರೆತ್ತಿದರೆ ಅವನು ಸಿಡಿಯುತ್ತಿದ್ದ ಕಾರಣ ಯಾರೂ ಅವನ ಮುಂದೆ ಆ ಮಾತು ತೆಗೆಯುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ, “ಏನಾಯಿತು?” ಎಂದಳು. ಹೇಳಿದ. ಹನ್ನೆರಡು ವರ್ಷದಲ್ಲಿ ಗಂಡನಿಗೆ ಎದುರಾಡದವಳು ಅಂದು ಸಿಟ್ಟಾದಳು.

“ಕಿವಿ ಇಲ್ಲದವನ ಮುಂದೆ ಊದಿ ಬಂದಿರಿ. ಕಿವಿ ಇರುವವಳು ಈ ಮನೆಯಲ್ಲೇ ಸಾಯುತ್ತಿದ್ದೇನೆ. ಕದ ತೆಗೆದಿಟ್ಟು ನನಗಾಗಿ ಒಂದು ಸಲ ನುಡಿಸಿ, ನೋಡೋಣ!”

ಅವನು ಕೊಳಲೆತ್ತಿದ. ತುಟಿಗಿಟ್ಟ. ಎಂದಿನಂತೆ ಆ ನಕ್ಕ ಮುಖಗಳನ್ನು ಕರೆದ. ಯಾವ ಮುಖವೂ ಬರಲಿಲ್ಲ. ಕಂಡದ್ದು ತನ್ನನ್ನು ಗುರುತಿಸದ ಒಂದು ಮುದಿ ಮುಖ, ಅಷ್ಟೇ. ಅದರ ಮೇಲೆ ಕೋಪ ಮಾಡಿಕೊಳ್ಳಲು ಆಗಲಿಲ್ಲ. ಉಸಿರು ಬರೀ ಗಾಳಿಯಾಗಿ ಹೋಯಿತು. ಮರುದಿನವೂ ಹಾಗೆಯೇ. ಒಂದು ತಿಂಗಳು ಪ್ರಯತ್ನಿಸಿದ. ಆಮೇಲೆ ಕೊಳಲನ್ನು ಅಟ್ಟದ ಮೇಲೆ ಎಸೆದ. ಇನ್ನೂ ಹತ್ತೊಂಬತ್ತು ವರ್ಷ ಬದುಕಿದ. ಬಾಗಿಲು ಮಾಡಿದ, ತೊಟ್ಟಿಲು ಮಾಡಿದ. ಕೊಳಲು ಮುಟ್ಟಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ನಿರ್ವಾಣಪ್ಪನಿಗೆ ತಡೆಯಲಾಗಲಿಲ್ಲ. “ಇದು ಅನ್ಯಾಯ, ಗುರುಗಳೇ! ಕಲಿತ ವಿದ್ಯೆ ಅವನ ಕೈಯಲ್ಲೇ ಇತ್ತಲ್ಲ. ಕೋಪ ಹೋದರೆ ವಿದ್ಯೆಯೂ ಹೋಗುತ್ತದೆಯೇ?” ಎಂದ.

ಗುರುಗಳು ಕೇಳಿದರು: “ನಿನ್ನ ಅಣ್ಣ ತೀರಿಕೊಂಡನೆಂದು ನಾಳೆ ಸುದ್ದಿ ಬಂದರೆ, ನಾಡಿದ್ದು ನೀನು ಪುಸ್ತಕ ತೆರೆಯುತ್ತೀಯಾ?”