ಕಡವೆಯ ಕೊರಳಿನ ಆರದ ಗಾಯ

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ. ಹೊಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಹೊಳೆದಂಡೆಯ ಕಲ್ಲೂ ಮಾತಾಡುತ್ತಿತ್ತು. ಹಾಗಂತ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು ಅಂದುಕೊಳ್ಳಬೇಡ ಮಗು. ಕಿವಿಯಿದ್ದೂ ಕೇಳದವರು ಆಗಲೂ ಇದ್ದರು.

ಆಗ ಕಡವೆಯ ಕೊರಳು ನುಣ್ಣಗಿತ್ತು. ಜಿಂಕೆಗಳಲ್ಲೆಲ್ಲ ದೊಡ್ಡದು ಕಡವೆ. ಅದು ತಲೆಯೆತ್ತಿ ನಿಂತರೆ ಕೊರಳಿನಲ್ಲಿ ಒಂದು ಕಲೆ ಸಹ ಕಾಣುತ್ತಿರಲಿಲ್ಲ.

ಮನುಷ್ಯರಿಗೂ ಕಡವೆಗಳಿಗೂ ಒಂದು ಮಾತಾಗಿತ್ತು. ಚಳಿ ಬಿದ್ದಾಗ, ಹಲ್ಲು ಸವೆದು ಮೇಯಲಾಗದ ಮುದಿ ಕಡವೆಯೊಂದು ತಾನಾಗಿಯೇ ಹೊಳೆದಂಡೆಗೆ ಬಂದು, ತಲೆಯೆತ್ತಿ ಕೊರಳೊಡ್ಡಿ ನಿಲ್ಲಬೇಕು. ಬೇಟೆಗಾರ ಅದನ್ನು ಒಂದೇ ಬಾಣಕ್ಕೆ ಕೊಲ್ಲಬೇಕು. ಒಂದೇ ಬಾಣ, ಒಂದೇ ಉಸಿರು. ನರಳಿಸಬಾರದು.

ಅದಕ್ಕೇ ಬಾಣದ ಅಲಗನ್ನು ಕಡವೆಗಳ ಕಣ್ಣೆದುರೇ ಪರೀಕ್ಷೆ ಮಾಡುತ್ತಿದ್ದರು. ಹಿಂದಿನ ವರ್ಷ ಸತ್ತ ಕಡವೆಯ ತೊಗಲನ್ನು ನೆನೆಸಿ ಎರಡು ಗೂಟಕ್ಕೆ ಬಿಗಿದು ಕಟ್ಟುವರು. ಅದರ ಹಿಂದೆ ಅದರದೇ ಕೊರಳಿನ ಎಲುಬು. ಅದರ ಹಿಂದೆ ಜೇಡಿಮಣ್ಣಿನ ಗುಡ್ಡೆ. ಬಾಣ ತೊಗಲು ದಾಟಬೇಕು, ಎಲುಬು ದಾಟಬೇಕು, ಮಣ್ಣಿನೊಳಗೆ ಹೂತುಹೋಗಬೇಕು. ಅಲಗು ಸರಿಯಿಲ್ಲದಿದ್ದರೆ ಹಿಂಡಿನ ಹಿರಿಯಳು ಮುಂಗಾಲನ್ನು ನೆಲಕ್ಕೆ ಕುಟ್ಟುವಳು. ಕುಟ್ಟಿದಳೆಂದರೆ ಆ ಅಲಗು ಬೇಡವೆಂದು ಅರ್ಥ.

ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ಗೆದ್ದ ಅಲಗನ್ನು ಹೊಳೆದಂಡೆಯ ಕಲ್ಲಿಗೆ ಮತ್ತೆ ಮಸೆಯಬೇಕಿತ್ತು. ಎಲುಬು ಕಡಿದ ಅಲಗು ತನ್ನ ಹರಿತವನ್ನು ಆ ಎಲುಬಿನಲ್ಲೇ ಬಿಟ್ಟು ಬಂದಿರುತ್ತದೆ. ಮುಂಗೈ ಕೂದಲು ಬೋಳಿಸುವಷ್ಟು ಮಸೆದ ಮೇಲೆಯೇ ಬೇಟೆ.

ಒಂದು ವರ್ಷ ಬೇಟೆಯ ಸರದಿ ಕೇತನದಾಯಿತು. ಒಳ್ಳೆಯ ಬಿಲ್ಲುಗಾರ, ಆದರೆ ತನ್ನ ಕೈಯ ಮೇಲೆ ತನಗೇ ವಿಪರೀತ ಮೋಹ. ಅದೇ ವರ್ಷ ಸಾಯುವ ಸರದಿ ಹಿಂಡಿನ ಹಿರಿಯಳಿಗೇ ಬಂದಿತ್ತು. ಅವಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು.

ಪರೀಕ್ಷೆಯ ದಿನ ಕೇತ ಮೊದಲು ಬಿದಿರಿನ ಅಲಗು ಹೂಡಿದ. ಅದು ತೊಗಲಿಗೆ ತಾಗಿಯೇ ಸೀಳಿಹೋಯಿತು. ದೊಡ್ಡವ್ವ ಕಾಲು ಕುಟ್ಟಿದಳು. ಅಗಲವಾದ ಕಬ್ಬಿಣದ ಅಲಗು ಹೂಡಿದ. ಅದು ಎಲುಬಿಗೆ ತಾಗಿ ಮಡಚಿಕೊಂಡಿತು. ದೊಡ್ಡವ್ವ ಕಾಲು ಕುಟ್ಟಿದಳು. ಕೊನೆಗೆ ಎಲೆಯ ಆಕಾರದ, ನಡುವೆ ದಪ್ಪ ಬೆನ್ನಿದ್ದ ಅಲಗು ಹೂಡಿದ. ಅದು ತೊಗಲು ದಾಟಿತು, ಎಲುಬು ದಾಟಿತು, ಮಣ್ಣಿನಲ್ಲಿ ಗರಿಯವರೆಗೂ ಹೂತಿತು. ದೊಡ್ಡವ್ವ ಸುಮ್ಮನೆ ನಿಂತಳು.

"ಇದು ಆಗಬೌದು ಮಗ" ಅಂದಳು. "ಸಾಯೋಕೆ ನಂಗೆ ಹೆದರಿಕೆ ಇಲ್ಲ ಕಣಪ್ಪ. ಸಾಯ್ತಾನೇ ಇರೋದಕ್ಕೆ ಹೆದರಿಕೆ. ಎಲ್ಲ ನಿನ್ನ ಕೈಯಾಗೈತೆ."

"ಹೆದರ್‌ಬ್ಯಾಡ ದೊಡ್ಡವ್ವ, ನಾನಿದೀನಿ" ಅಂದ ಕೇತ.

ಮರುದಿನ ಮುಂಜಾನೆ ಮಂಜು ದಟ್ಟವಾಗಿತ್ತು. ಕೇತನ ಹೆಂಡತಿ ಮಸಣಿ ಅಲಗನ್ನು ಬೆರಳಿನಲ್ಲಿ ಸವರಿ ನೋಡಿದಳು. "ಮೊಂಡಾಗೈತೆ. ಮಸ್ಕೊಂಡು ಹೋಗು."

"ತೊಗಲು, ಎಲುಬು, ಮಣ್ಣು, ಮೂರೂ ದಾಟಿರೋ ಅಲಗು ಕಣೇ ಇದು" ಅಂದ ಕೇತ. "ಗೆದ್ದಿರೋದನ್ನ ಇನ್ನೇನು ಮಸೆಯೋದು?"

ಹೊಳೆದಂಡೆಯ ಕಲ್ಲು, "ಕೇತ, ನನ್ನ ಮೇಲೆ ಒಂದಷ್ಟು ಎಳ್ಕೊಂಡು ಹೋಗೋ" ಅಂತು. ಕೇತ ಅದನ್ನು ದಾಟಿಕೊಂಡು ಹೋದ.

ಗಾಳಿ, "ಕೇತ, ಅವಳು ಕಾಯ್ತಾಳೆ. ಮಸ್ಕೊಂಡು ಬಾರೋ" ಅಂತು. ಕೇತ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ.

ದೊಡ್ಡವ್ವ ಹೊಳೆಯ ಅಂಚಿನಲ್ಲಿ ನಿಂತಿದ್ದಳು. ಅವನನ್ನು ಕಂಡು, ಆಡಿದ ಮಾತಿನಂತೆ ತಲೆಯೆತ್ತಿ ಕೊರಳು ಕೊಟ್ಟಳು. ನನಗೆ ಈ ಕಥೆಯಲ್ಲಿ ಹೇಳಲು ಕಷ್ಟವಾಗುವುದು ಇದೊಂದೇ ಜಾಗ.

ಕೇತನ ಗುರಿ ತಪ್ಪಲಿಲ್ಲ. ಕೈಯೂ ನಡುಗಲಿಲ್ಲ. ಆದರೆ ಮೊಂಡು ಅಲಗು ಕೊಯ್ಯಲಿಲ್ಲ, ಹರಿಯಿತು. ಕೊರಳ ತೊಗಲನ್ನು ಕಿತ್ತುಕೊಂಡು ಅರ್ಧಕ್ಕೇ ಸಿಕ್ಕಿಕೊಂಡಿತು. ದೊಡ್ಡವ್ವ ಕೂಗಿದ ಕೂಗಿಗೆ ಮಂಜಿನೊಳಗಿದ್ದ ಹಕ್ಕಿಗಳೆಲ್ಲ ಎದ್ದವು. ಅವಳು ಹೊಳೆಗೆ ಬಿದ್ದು, ಈಜಿ, ಆಚೆ ದಡ ಹತ್ತಿದಳು. ಬಾಣ ನೀರಿನಲ್ಲಿ ಕಳಚಿ ಹೋಯಿತು.

ಕೇತ ಅವಳನ್ನು ಹುಡುಕಿಕೊಂಡು ಕಾಡೆಲ್ಲ ಅಲೆದ. ಕೊನೆಗೆ ಒಂದು ಮಡುವಿನಲ್ಲಿ ಕೊರಳವರೆಗೆ ಮುಳುಗಿ ನಿಂತಿದ್ದ ಅವಳನ್ನು ಕಂಡ. ಈಗ ಬೇರೆ ಅಲಗನ್ನು ಮಸೆದು ತಂದಿದ್ದ.

"ದೊಡ್ಡವ್ವ, ತಪ್ಪಾಯ್ತು. ಈಗ ಮುಗಿಸಿಕೊಡ್ತೀನಿ" ಅಂದ.

ಅವಳು ತಲೆಯನ್ನು ಅವನತ್ತ ತಿರುಗಿಸಿದಳು. "ನಿನ್ನ ಕೈನ ನಂಬಿದ್ದೆ ಮಗ" ಅಂದಳು. ಕಡವೆಯೊಂದು ಮನುಷ್ಯನ ಜೊತೆ ಆಡಿದ ಕೊನೆಯ ಮಾತು ಅದು. ಅವನು ಬಿಲ್ಲು ಎತ್ತುವ ಮೊದಲೇ ಅವಳು ಜೊಂಡಿನೊಳಗೆ ಸರಿದು ಹೋದಳು.

ಆ ಚಳಿಗಾಲವೆಲ್ಲ ದೊಡ್ಡವ್ವ ಸಾಯುತ್ತಲೇ ಇದ್ದಳು. ಯಾವುದಕ್ಕೆ ಹೆದರಿದ್ದಳೋ ಅದೇ ಆಯಿತು. ಹಿಂಡಿನ ಕಡವೆಗಳು ದಿನವೂ ಬಂದು ಅವಳ ಕೊರಳಿಗೆ ಕೊರಳು ಉಜ್ಜಿ ಸಮಾಧಾನ ಮಾಡುತ್ತಿದ್ದವು. ಅವಳ ರಕ್ತ ತಾಗಿದ ಕಡೆಯೆಲ್ಲ ಅವುಗಳ ಕೂದಲು ಉದುರಿತು, ತೊಗಲು ಕೆಂಪಾಯಿತು, ಒಸರತೊಡಗಿತು. ದೊಡ್ಡವ್ವ ಕಣ್ಣು ಮುಚ್ಚುವ ಹೊತ್ತಿಗೆ ಹಿಂಡಿನ ಪ್ರತಿ ಕೊರಳಿನಲ್ಲೂ ಅವಳ ಗಾಯವಿತ್ತು.

ಮುಂದಿನ ವರ್ಷ ಸರದಿ ತನ್ನದಲ್ಲದಿದ್ದರೂ ಕೇತ ಹೊಳೆದಂಡೆಯಲ್ಲಿ ಗೂಟ ನೆಟ್ಟ, ಹಳೆಯ ತೊಗಲನ್ನೇ ಕಟ್ಟಿದ, ಮಣ್ಣು ಪೇರಿಸಿದ. ಅಲಗನ್ನು ನಾಲ್ಕು ದಿನ ಕೂತು ಮಸೆದಿದ್ದ. ಅದಕ್ಕಿಂತ ಹರಿತವಾದ ಅಲಗು ಆ ಕಾಡಿನಲ್ಲಿ ಹಿಂದೆಂದೂ ಇರಲಿಲ್ಲ. ಕಡವೆಗಳು ಆಚೆ ದಡದಲ್ಲಿ ಸಾಲಾಗಿ ನಿಂತವು. ಅವನು ಬಾಣವನ್ನು ಬತ್ತಳಿಕೆಯಿಂದ ಇನ್ನೂ ತೆಗೆದಿರಲಿಲ್ಲ. ಹಿಂಡಿಗೆ ಹಿಂಡೇ ಮುಂಗಾಲನ್ನು ನೆಲಕ್ಕೆ ಕುಟ್ಟಿತು.

"ಒಂದ್ಸಲ ನೋಡ್ರವ್ವ" ಅಂದ ಕೇತ. ಕಡವೆಗಳು ಬೆನ್ನು ತಿರುಗಿಸಿ ಕಾಡು ಸೇರಿದವು. ಹೊಳೆಯೂ ಮಾತಾಡಲಿಲ್ಲ, ಗಾಳಿಯೂ ಮಾತಾಡಲಿಲ್ಲ.

ನಿನ್ನೆ ಸಂಜೆ ಕೆರೆಯ ಆಚೆ ನೀನು ಕಂಡೆಯಲ್ಲ ಮಗು, ಕೊರಳಿನಲ್ಲಿ ಕೆಂಪು ಹುಣ್ಣಿದ್ದ ಆ ದೊಡ್ಡ ಕಡವೆ? ನಿನ್ನ ಕೈಯಲ್ಲಿ ಬಿಲ್ಲಿರಲಿಲ್ಲ, ಬಾಣವಿರಲಿಲ್ಲ, ಆದರೂ ನಮ್ಮ ವಾಸನೆ ಬಂದ ಕೂಡಲೇ ಅದು ನಿನ್ನನ್ನೇ ನೋಡುತ್ತ ಮುಂಗಾಲು ಕುಟ್ಟಿದ್ದು ಅದಕ್ಕೇ.